ಸ್ನೇರ್ ಲೇಯರಿಂಗ್‌ಗೆ ಏಬಲ್ಟನ್ ಡ್ರಮ್ ರ‍್ಯಾಕ್: ವರ್ಷಗಟ್ಟಲೆ ಬಳಸಿದವರ ಮಾತು

ರೇಟಿಂಗ್: 5ಕ್ಕೆ 4

ಇಡೀ ಏಬಲ್ಟನ್ ಲೈವ್ (ಸಂಗೀತ ತಯಾರಿಸುವ ಸಾಫ್ಟ್‌ವೇರ್) ಬಗ್ಗೆ ನಾನು ಬರೆಯುತ್ತಿಲ್ಲ. ಡ್ರಮ್ ರ‍್ಯಾಕ್, ಅಂದರೆ ಡ್ರಮ್ ಶಬ್ದಗಳನ್ನು ಪ್ಯಾಡ್ ಎಂಬ ಚೌಕಗಳಲ್ಲಿ ಜೋಡಿಸುವ ಅದರ ಸಾಧನ, ಅದರಲ್ಲೂ ಸ್ನೇರ್ (ಚಟ್ ಅನ್ನುವ ಡ್ರಮ್) ಪ್ಯಾಡ್‌ನಲ್ಲಿ ಹಲವು ಶಬ್ದಗಳನ್ನು ಒಂದರ ಮೇಲೊಂದು ಸೇರಿಸುವ ಲೇಯರಿಂಗ್ ಬಗ್ಗೆ ಮಾತ್ರ. ನಾನು ಜಾಸ್ತಿ ಮಾಡುವುದು ಡ್ರಮ್ ಅಂಡ್ ಬೇಸ್ ಎಂಬ ವೇಗದ ಎಲೆಕ್ಟ್ರಾನಿಕ್ ಸಂಗೀತ, 174 ಬಿಪಿಎಂ (ನಿಮಿಷಕ್ಕೆ 174 ಬೀಟ್). ಅಲ್ಲಿ ಎರಡು ಮತ್ತು ನಾಲ್ಕನೇ ಬೀಟ್‌ಗೆ ಬೀಳುವ ಸ್ನೇರ್ ಸಪ್ಪೆಯಾದರೆ ಮುಗೀತು, ಬೇಸ್‌ಲೈನ್ ಎಷ್ಟೇ ಚೆನ್ನಾಗಿದ್ದರೂ ಟ್ರ್ಯಾಕ್ ಏಳುವುದಿಲ್ಲ.

ರ‍್ಯಾಕ್‌ನಲ್ಲಿ 128 ಪ್ಯಾಡ್ ಇವೆ, ಒಮ್ಮೆಗೆ ಕಾಣುವುದು 16. ಮೂರು ಸ್ಯಾಂಪಲ್ (ರೆಕಾರ್ಡ್ ಮಾಡಿದ ಶಬ್ದದ ತುಣುಕು) ಸೆಲೆಕ್ಟ್ ಮಾಡಿ ಸುಮ್ನೆ ಎಳೆದು ಬಿಟ್ಟರೆ ಅವು ಅಕ್ಕಪಕ್ಕದ ಪ್ಯಾಡ್‌ಗಳಲ್ಲಿ ಕೂರುತ್ತವೆ. ಮ್ಯಾಕ್‌ನಲ್ಲಿ ಕಮಾಂಡ್ ಕೀ ಒತ್ತಿ ಹಿಡಿದು ಎಳೆದರೆ ಮೂರೂ ಒಂದೇ ಪ್ಯಾಡ್‌ಗೆ ಬಂದು, ಒಳಗೊಂದು ಇನ್‌ಸ್ಟ್ರುಮೆಂಟ್ ರ‍್ಯಾಕ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಪ್ರತಿ ಲೇಯರ್‌ಗೂ ಬೇರೆ ಸಿಂಪ್ಲರ್ (ಸ್ಯಾಂಪಲ್ ನುಡಿಸುವ ಸಾಧನ), ಬೇರೆ ಇಕ್ಯೂ (ಆವರ್ತನಗಳನ್ನು ಹೆಚ್ಚು ಕಡಿಮೆ ಮಾಡುವುದು), ಬೇರೆ ವಾಲ್ಯೂಮ್. ನನಗೆ ಇದು ಹಿಡಿಸಿದ್ದೇ ಇದಕ್ಕೆ.

ನನ್ನ ಲೆಕ್ಕ ಇಷ್ಟೇ. ರೋಲ್ಯಾಂಡ್ ಟಿಆರ್-909 ಡ್ರಮ್ ಮಷೀನ್ ತರಹದ ಒಂದು ಸ್ನೇರ್‌ನಿಂದ 200 ಹರ್ಟ್ಸ್ ಆಸುಪಾಸಿನ ಮೈ, ಅಂದರೆ ತಗ್ಗಿನ ತುಂಬು ಸದ್ದು. ಇನ್ನೊಂದು ಅಕೂಸ್ಟಿಕ್ ಸ್ನೇರ್‌ನಿಂದ 2ರಿಂದ 5 ಕಿಲೋಹರ್ಟ್ಸ್‌ನ ಚಟ್ ಅನ್ನುವ ಏಟು. ಬಾಲಕ್ಕೆ (ಏಟಿನ ನಂತರ ಉಳಿಯುವ ಸದ್ದಿಗೆ) ಕ್ಲಾಪ್ ಅಥವಾ ನಾಯ್ಸ್, ಕೆಳಗಿನ ಆವರ್ತನಗಳನ್ನೆಲ್ಲ ಕತ್ತರಿಸಿ. ನಾಲ್ಕನೆಯದು ಬೇಕು ಅನ್ನಿಸಿದರೆ ಮೊದಲಿನ ಮೂರರಲ್ಲಿ ಯಾವುದೋ ಕೆಲಸ ಮಾಡುತ್ತಿಲ್ಲ ಅಂತ ಅರ್ಥ, ಅದನ್ನೇ ಬದಲಾಯಿಸುತ್ತೇನೆ.

ಲೇಯರ್ ಸೇರಿಸಿದಷ್ಟೂ ಸ್ನೇರ್ ದಪ್ಪಗಾಗಬೇಕಿತ್ತು ಅಲ್ವಾ? ಎಷ್ಟೋ ಸಲ ತೆಳ್ಳಗಾಗುತ್ತದೆ. ಕಾರಣ ಫೇಸ್, ಅಂದರೆ ಅಲೆಗಳ ಏರಿಳಿತದ ಹೊಂದಾಣಿಕೆ. 200 ಹರ್ಟ್ಸ್ ಅಲೆಯ ಒಂದು ಸುತ್ತಿಗೆ 5 ಮಿಲಿಸೆಕೆಂಡ್. ಎರಡು ಲೇಯರ್‌ಗಳ ಮೈ ಒಂದಕ್ಕೊಂದು 2.5 ಮಿಲಿಸೆಕೆಂಡ್ ಸರಿದಿದ್ದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಇಬ್ಬರೂ ಸೇರಿ ಪಂಚ್ ನುಂಗಿಹಾಕುತ್ತಾರೆ. ಒಂದು ಲೇಯರ್ ಮೇಲೆ ಯುಟಿಲಿಟಿ ಎಂಬ ಎಫೆಕ್ಟ್ ಹಾಕಿ, ಅಲೆಯನ್ನು ತಲೆಕೆಳಗು ಮಾಡುವ ಎಡ ಬಲ ಎರಡೂ ಫೇಸ್ ಬಟನ್ ಒತ್ತಿ ನೋಡಿ. ತಟ್ಟನೆ ತೂಕ ಬಂದರೆ ಹಾಗೇ ಬಿಡಿ. ಇಲ್ಲದಿದ್ದರೆ ಸಿಂಪ್ಲರ್‌ನ ಸ್ಟಾರ್ಟ್ ಸರಿಸಿ, ಸ್ಯಾಂಪಲ್ ತಲೆಯಲ್ಲಿರುವ ಖಾಲಿ ಜಾಗ ತೆಗೆಯಿರಿ. ಲೇಯರ್‌ಗಳ ವೇವ್‌ಫಾರ್ಮ್‌ಗಳನ್ನು ಒಂದರ ಕೆಳಗೊಂದು ಇಟ್ಟು ತೋರಿಸುವ ನೋಟ ರ‍್ಯಾಕ್‌ನಲ್ಲಿಲ್ಲ, ನಾನು ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಇದಕ್ಕೇ. ಕಣ್ಣಿಂದ ನೋಡಿ ಹೊಂದಿಸಬೇಕಾದಾಗ ಲೈವ್‌ನ ಟೈಮ್‌ಲೈನ್ ನೋಟವಾದ ಅರೇಂಜ್‌ಮೆಂಟ್‌ನಲ್ಲಿ ಆಡಿಯೊ ಟ್ರ್ಯಾಕ್‌ಗಳಾಗಿ ಇಟ್ಟು, ಝೂಮ್ ಮಾಡಿ, ಕೊನೆಗೆ ಒಂದೇ ಸ್ಯಾಂಪಲ್ ಆಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳುತ್ತೇನೆ.

ಲೈವ್ 10ರ ಜೊತೆ 2018ರಲ್ಲಿ ಬಂದ ಡ್ರಮ್ ಬಸ್ ಎಂಬ ಎಫೆಕ್ಟ್ ಈ ಪ್ಯಾಡ್‌ನ ಕೊನೆಯಲ್ಲಿ ಕೂರುತ್ತದೆ. ಅದರ ಟ್ರಾನ್ಸಿಯೆಂಟ್ಸ್ ನಾಬ್ ಸ್ವಲ್ಪ ವಿಚಿತ್ರ. ಬಲಕ್ಕೆ ತಿರುಗಿಸಿದರೂ ಏಟು ಚುರುಕಾಗುತ್ತದೆ, ಎಡಕ್ಕೆ ತಿರುಗಿಸಿದರೂ ಚುರುಕಾಗುತ್ತದೆ. ವ್ಯತ್ಯಾಸ ಇರುವುದು ಬಾಲದಲ್ಲಿ: ಬಲಕ್ಕೆ ಹೋದರೆ ಉದ್ದ, ಎಡಕ್ಕೆ ಹೋದರೆ ಗಿಡ್ಡ. ವೇಗದ ಬೀಟ್‌ಗೆ ನನಗೆ ಎಡವೇ ಇಷ್ಟ. ತಗ್ಗಿನ ಸದ್ದು ಸೇರಿಸುವ ಅದರ ಬೂಮ್ ನಾಬ್ ಅನ್ನು ಸ್ನೇರ್ ಮೇಲೆ ಮುಟ್ಟುವುದಿಲ್ಲ.

ತುಂಬಾ ಜನ ಬಳಸದ ಇನ್ನೊಂದು ಸೌಲಭ್ಯ ವೆಲಾಸಿಟಿ ಝೋನ್, ಅಂದರೆ ನೋಟ್ ಎಷ್ಟು ಜೋರಾಗಿದೆ (ವೆಲಾಸಿಟಿ) ಅನ್ನುವುದಕ್ಕೆ ತಕ್ಕಂತೆ ಲೇಯರ್ ಕೇಳಿಸುವುದು. ಏಟಿನ ಲೇಯರ್ ವೆಲಾಸಿಟಿ 90ರ ಮೇಲೆ ಮಾತ್ರ ಕೇಳಿಸುವಂತೆ ಇಟ್ಟು, ಅಂಚನ್ನು ಸ್ವಲ್ಪ ಫೇಡ್ ಮಾಡಿದರೆ ನಡುನಡುವೆ ಬರುವ ಸಣ್ಣ ಏಟುಗಳಾದ ಘೋಸ್ಟ್ ನೋಟ್‌ಗಳು ಮೆತ್ತಗೆ, ಮುಖ್ಯ ಸ್ನೇರ್ ಗಟ್ಟಿ. ಒಂದೇ ಪ್ಯಾಡ್ ಸಾಕು.

ಸ್ಯಾಂಪಲ್ ಮಾತ್ರ ನೋಡಿ ಆರಿಸಿ. ದುಡ್ಡು ಕೊಟ್ಟು ತಗೊಂಡ ಒಂದು ಪ್ಯಾಕ್‌ನಲ್ಲಿ (ಹೆಸರು ಬೇಡ ಬಿಡಿ) ಪ್ರತಿ ಸ್ನೇರೂ ಆಗಲೇ ಲೇಯರ್ ಆಗಿ, ಕಂಪ್ರೆಸ್ ಆಗಿ, ಸದ್ದಿನ ಗರಿಷ್ಠ ಮಟ್ಟ ತಡೆಯುವ ಲಿಮಿಟರ್‌ಗೆ ತಾಗಿಯೇ ಬಂದಿತ್ತು. ಅಂಥ ಎರಡನ್ನು ಸೇರಿಸಿದರೆ ಬರೀ ಗದ್ದಲ.

ಲೈವ್ ಆಗಲೇ ಇದ್ದವರು ಲೇಯರಿಂಗ್‌ಗೆ ಅಂತ ಬೇರೆ ಪ್ಲಗಿನ್ ಕೊಳ್ಳಬೇಕಿಲ್ಲ. ಬೇರೆ ಸಾಫ್ಟ್‌ವೇರ್‌ನಲ್ಲಿ ಕೈ ಕುದುರಿದವರು ಇದೊಂದಕ್ಕೆ ಇಲ್ಲಿಗೆ ಬರುವುದೂ ಬೇಡ. ಬಳಸುವವರು ಪ್ರಿಸೆಟ್ ಸೇವ್ ಮಾಡುವಾಗ ಹೆಸರಿನ ಜೊತೆ ಮೈಯ ಸ್ವರವನ್ನೂ ಬರೆದಿಡಿ. 196 ಹರ್ಟ್ಸ್ ಅಂದರೆ ಜಿ, 220 ಅಂದರೆ ಎ. ಮುಂದಿನ ಹಾಡಿನಲ್ಲಿ ಎಷ್ಟು ಸೆಮಿಟೋನ್ (ಅರ್ಧ ಸ್ವರ) ಸರಿಸಬೇಕು ಅನ್ನುವುದು ಫೈಲ್ ತೆರೆಯುವ ಮೊದಲೇ ಗೊತ್ತಿರುತ್ತದೆ.