ಚೆಸ್‌ಮೆಟ್ರಿಕ್ಸ್: 15 ವರ್ಷ ಬಳಸಿದ ಮೇಲೆ

ನನ್ನ ಅಂಕ 5ಕ್ಕೆ 4.

ಇದು ಶುರುವಾಗಿದ್ದು ಒಂದು ಜಗಳದಿಂದ. ಹಳೇ ವಿಶ್ವ ಚೆಸ್ ಚಾಂಪಿಯನ್ನರಲ್ಲಿ ಯಾರು ದೊಡ್ಡವರು ಅಂತ. ನಮ್ಮ ಸೋದರಮಾವ ಕ್ಯೂಬಾದ ಕ್ಯಾಪಾಬ್ಲಾಂಕಾ ಪಕ್ಷ, ನಾನು ಅಮೆರಿಕದ ಫಿಶರ್ ಪಕ್ಷ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಊಟ ಆದ ಮೇಲೆ ಎಲೆ ಅಡಿಕೆ ತಟ್ಟೆಯ ಪಕ್ಕಕ್ಕೆ ಚೆಸ್ ಬೋರ್ಡ್ ಬರುತ್ತಿತ್ತು. ಎರಡು ಆಟ ಮುಗಿಯುವ ಹೊತ್ತಿಗೆ ಅದೇ ಹಳೇ ವಾದ. 2009ರ ಸುಮಾರಿಗೆ ನನಗೆ ಚೆಸ್‌ಮೆಟ್ರಿಕ್ಸ್ ಅನ್ನೋ ಈ ಜಾಲತಾಣ ಸಿಕ್ಕಿತು. ಹಳೇ ಆಟಗಾರರಿಗೂ ರೇಟಿಂಗ್, ಅಂದರೆ ಆಟದ ಬಲ ಅಳೆಯುವ ಸಂಖ್ಯೆ, ಕೊಡುವ ತಾಣ. ಈ ಸಲ ಮಾವನ ಬಾಯಿ ಮುಚ್ಚಿಸುತ್ತೇನೆ ಅಂತ ನಾಲ್ಕು ಹಾಳೆ ಪ್ರಿಂಟ್ ತೆಗೆಸಿಕೊಂಡು ಹೋದೆ. ಫಿಶರ್ ಅತಿ ಎತ್ತರಕ್ಕೆ ಹೋದದ್ದು 1971ರ ಅಕ್ಟೋಬರ್‌ನಲ್ಲಿ, 2895. ಕ್ಯಾಪಾಬ್ಲಾಂಕಾ 1921ರ ಮೇ ತಿಂಗಳಲ್ಲಿ, 2877.

ಮಾವ ಕನ್ನಡಕ ಏರಿಸಿ ನೋಡಿದರು. "ಹದಿನೆಂಟು ತಾನೆ? ಐವತ್ತು ವರ್ಷದ ಅಂತರದಲ್ಲಿ ಹದಿನೆಂಟು ಅಂದ್ರೆ ತೂಕದ ಕಲ್ಲಿಗೆ ಅಂಟಿದ ಧೂಳು ಕಣೋ" ಅಂದರು. ಆಮೇಲೆ ಇನ್ನೊಂದು ಹಾಳೆ ತಿರುವಿ, "ಇದೇನಿದು? 1905ರಲ್ಲಿ ಲಾಸ್ಕರ್ ಅಲ್ವಾ ಚಾಂಪಿಯನ್? ಇಲ್ಲಿ ಮೊದಲನೇ ಜಾಗದಲ್ಲಿ ಬೇರೆ ಯಾರೋ ಇದ್ದಾನೆ" ಅಂದರು. ನನಗೂ ಗೊತ್ತಿರಲಿಲ್ಲ. ಆ ಹೆಸರು ಹುಡುಕಿಕೊಂಡು ಹೊರಟವನು ಇವತ್ತಿಗೂ ಈ ತಾಣದಿಂದ ಹೊರಗೆ ಬಂದಿಲ್ಲ.

ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಜೆಫ್ ಸೋನಾಸ್ ಅಂತ ಅಮೆರಿಕದವರು, ಅಂಕಿಸಂಖ್ಯೆಯ ಮನುಷ್ಯ. 1843ರಿಂದ 2005ರ ಜನವರಿವರೆಗೆ ತಿಂಗಳು ತಿಂಗಳಿಗೂ ಜಗತ್ತಿನಲ್ಲಿ ಯಾರು ಎಷ್ಟನೆಯವರು ಅಂತ ಲೆಕ್ಕ ಹಾಕಿ ಇಟ್ಟಿದ್ದಾರೆ. ಚೆಸ್‌ನ ವಿಶ್ವ ಸಂಸ್ಥೆ ಫಿಡೆ ತನ್ನ ಮೊದಲ ಅಧಿಕೃತ ರೇಟಿಂಗ್ ಪಟ್ಟಿ ಹೊರಡಿಸಿದ್ದೇ 1971ರಲ್ಲಿ. ಅದಕ್ಕೆ ಮುಂಚಿನವರಿಗೆ ರೇಟಿಂಗ್ ಅನ್ನೋದೇ ಇರಲಿಲ್ಲ. ಹಳೇ ಟೂರ್ನಿಗಳ ಫಲಿತಾಂಶ ಹಿಡಿದು ಹಿಂದಕ್ಕೆ ನಡೆದು ಹಾಕಿದ ಲೆಕ್ಕ ಇದು. ದುಡ್ಡು ಕೊಡಬೇಕಿಲ್ಲ. ನೋಡಲು ಹಳೇ ಕಾಲದ ಸರ್ಕಾರಿ ಲೆಡ್ಜರ್ ಥರ ಇದೆ, ನನಗೆ ಅದೇ ಇಷ್ಟ.

1843 ಅಂದರೆ ಇಂಗ್ಲೆಂಡಿನ ಸ್ಟಾಂಟನ್ ಪ್ಯಾರಿಸ್‌ಗೆ ಹೋಗಿ ಫ್ರಾನ್ಸಿನ ಸೇಂಟ್ ಅಮಾನ್‌ರನ್ನು ಚೆಸ್‌ನಲ್ಲಿ ಸೋಲಿಸಿದ ವರ್ಷ. ಆಗ ಮೈಸೂರಿನಲ್ಲಿ ಇದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ಲೆಕ್ಕದಲ್ಲಿ ಅವರದು ದೊಡ್ಡ ಹೆಸರು. ಆದರೆ ಟೂರ್ನಿ ಆಡದವರಿಗೆ ಈ ಲೆಡ್ಜರ್‌ನಲ್ಲಿ ಖಾತೆ ಇಲ್ಲ. ಇರಲಿ.

ಲೆಕ್ಕದ ಒಳಗುಟ್ಟು ತಿಳಿಯದೆ ಇದನ್ನು ಬಳಸಿದರೆ ಮೋಸ ಹೋಗುತ್ತೀರಿ. ನಾನೇ ಎರಡು ವರ್ಷ ಹೋಗಿದ್ದೆ. ಹಿಂದಿನ ನಾಲ್ಕು ವರ್ಷದ ಆಟಗಳು ಮಾತ್ರ ಲೆಕ್ಕಕ್ಕೆ. ಹೊಸ ಆಟಕ್ಕೆ ತೂಕ ಜಾಸ್ತಿ, ಹಳೆಯದಕ್ಕೆ ಕಡಿಮೆ. ಆಟ ತೀರಾ ಕಡಿಮೆ ಇದ್ದರೆ ಸಂಖ್ಯೆ ಕೆಳಗೆ ಜಗ್ಗುತ್ತದೆ. ಅಂದರೆ ಸುಮ್ನೆ ಮನೆಯಲ್ಲಿ ಕೂತರೂ ರೇಟಿಂಗ್ ಕರಗುತ್ತದೆ. ಚಾಂಪಿಯನ್ ಆದರೂ ಅಷ್ಟೇ.

1905ರ ಒಗಟು ಬಿಡಿಸಿಕೊಂಡದ್ದು ಇಲ್ಲೇ. ಆ ಹೆಸರು ಗೇಜಾ ಮಾರೋತ್ಸಿ, ಹಂಗೇರಿಯವರು. 1902ರಲ್ಲಿ ಮಾಂಟೆ ಕಾರ್ಲೋ ಗೆದ್ದರು. 1904ರಲ್ಲಿ ಮತ್ತೆ ಅಲ್ಲೇ ಗೆದ್ದರು. 1905ರಲ್ಲಿ ಓಸ್ಟೆಂಡ್ ಗೆದ್ದರು. ಅದೇ ಹೊತ್ತಿಗೆ ಲಾಸ್ಕರ್ ಏನು ಮಾಡುತ್ತಿದ್ದರು? 1900ರ ಪ್ಯಾರಿಸ್ ಟೂರ್ನಿ ಗೆದ್ದ ಮೇಲೆ ಅವರು ಮತ್ತೆ ದೊಡ್ಡ ಟೂರ್ನಿಗೆ ಕೂತದ್ದು 1904ರಲ್ಲಿ, ಕೇಂಬ್ರಿಜ್ ಸ್ಪ್ರಿಂಗ್ಸ್‌ನಲ್ಲಿ. ಅಲ್ಲಿ ಗೆದ್ದದ್ದು ಮಾರ್ಷಲ್. ಆಮೇಲೆ ಮತ್ತೆ ಮೌನ. 1905ರಲ್ಲಿ ಅವರು ಪ್ರಕಟಿಸಿದ ಒಂದು ಗಣಿತದ ಲೇಖನವನ್ನು ಬೀಜಗಣಿತದವರು ಇವತ್ತಿಗೂ ನೆನೆಯುತ್ತಾರೆ. ಒಳ್ಳೆಯ ಕೆಲಸವೇ, ಆದರೆ ಸೋನಾಸ್ ಲೆಡ್ಜರ್‌ಗೆ ಅದು ಜಮಾ ಆಗುವುದಿಲ್ಲ. ಹಾಗಾಗಿ 1904ರ ಅಕ್ಟೋಬರ್‌ನಿಂದ 1907ರ ಮಾರ್ಚ್‌ವರೆಗೆ ಮೊದಲ ಸ್ಥಾನ ಮಾರೋತ್ಸಿಗೆ. 1907ರಲ್ಲಿ ಲಾಸ್ಕರ್ ಮಾರ್ಷಲ್ ಜೊತೆ ಕಿರೀಟದ ಪಂದ್ಯ ಆಡಿ ಹಿಂದಿರುಗಿದರು, ಕುರ್ಚಿಯೂ ಹಿಂದಿರುಗಿತು.

ಇದನ್ನು ದೋಷ ಅನ್ನುವವರು ಇದ್ದಾರೆ. ನಾನು ಅನ್ನಲ್ಲ. ಚಾಂಪಿಯನ್ನರ ಪಟ್ಟಿಯಲ್ಲಿ ಸ್ಟೈನಿಟ್ಜ್, ಲಾಸ್ಕರ್, ಕ್ಯಾಪಾಬ್ಲಾಂಕಾ ಅಂತ ಮೂರು ಹೆಸರಿನಲ್ಲಿ ನಲವತ್ತು ವರ್ಷ ಮುಗಿದುಹೋಗುತ್ತದೆ. ನಡುವೆ ಮಾರೋತ್ಸಿ, ರುಬಿನ್‌ಸ್ಟೈನ್ ಥರದವರು ಎಷ್ಟು ಎತ್ತರಕ್ಕೆ ಹೋಗಿದ್ದರು ಅಂತ ತೋರಿಸೋದು ಈ ತಿಂಗಳ ಪಟ್ಟಿಗಳೇ. ಮತ್ತೆ ಲಾಸ್ಕರ್‌ಗೂ ಇದರಲ್ಲಿ ಅನ್ಯಾಯ ಆಗಿಲ್ಲ. ಒಟ್ಟು 292 ತಿಂಗಳು ಮೊದಲ ಸ್ಥಾನ ಅವರದೇ.

ರುಬಿನ್‌ಸ್ಟೈನ್ ಅಂದೆನಲ್ಲ. 1912ರ ನಡುವಿನಿಂದ 1914ರ ನಡುವಿನವರೆಗೆ ಈ ಪಟ್ಟಿಯಲ್ಲಿ ಮೊದಲಿಗರು ಅವರು. ಈಗ 1914ರ ಸೇಂಟ್ ಪೀಟರ್ಸ್‌ಬರ್ಗ್ ಟೂರ್ನಿ ತೆಗೆಯಿರಿ. 11 ಜನ, ಅದರಲ್ಲಿ 5 ಜನ ಫೈನಲ್ ಸುತ್ತಿಗೆ. ಪಟ್ಟಿಯ ಮೊದಲಿಗ ರುಬಿನ್‌ಸ್ಟೈನ್ ಆ ಐವರಲ್ಲಿ ಇಲ್ಲವೇ ಇಲ್ಲ! ಕ್ಯಾಪಾಬ್ಲಾಂಕಾ ಒಂದೂವರೆ ಅಂಕ ಮುಂದಿದ್ದುಕೊಂಡೇ ಫೈನಲ್‌ಗೆ ಬಂದರು. ಕೊನೆಗೆ ಲಾಸ್ಕರ್ 13.5, ಕ್ಯಾಪಾಬ್ಲಾಂಕಾ 13. ಅಲೆಖಿನ್ 10ಕ್ಕೆ ನಿಂತು ಮೂರನೆಯವರಾದರು.

ಈ ಟೂರ್ನಿಯಲ್ಲಿ ಲಾಸ್ಕರ್ ಕ್ಯಾಪಾಬ್ಲಾಂಕಾರನ್ನು ಸೋಲಿಸಿದ ಆಟವನ್ನು ನಾನು ಮರದ ಬೋರ್ಡಿನ ಮೇಲೆ ಹತ್ತಾರು ಸಲ ಆಡಿ ನೋಡಿದ್ದೇನೆ. 12ನೇ ನಡೆಯಲ್ಲಿ ಬಿಳಿ ಕಾಯಿ ಆಡುವ ಲಾಸ್ಕರ್ ಕಾಲಾಳನ್ನು ಎಫ್5 ಅನ್ನೋ ಮನೆಗೆ ತಳ್ಳುತ್ತಾರೆ. ಮೊದಲ ಸಲ ನೋಡಿದಾಗ ಇದೆಂಥ ದಡ್ಡತನ ಅನ್ನಿಸಿತ್ತು. ಈ5 ಮನೆಯನ್ನು ಎದುರಾಳಿಗೆ ಧಾರೆ ಎರೆದು ಕೊಟ್ಟ ಹಾಗೆ. ನಾಲ್ಕು ನಡೆ ಆದ ಮೇಲೆ ಬಿಳಿ ಕುದುರೆ ಈ6ಕ್ಕೆ ಹೋಗಿ ಕೂರುತ್ತದೆ. ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆ ಹಾಗೆ. ದಾಟುವಂತಿಲ್ಲ, ಎಬ್ಬಿಸುವಂತಿಲ್ಲ. ಕರಿ ಆನೆಗಳು ಅತ್ತಿತ್ತ ಒದ್ದಾಡುವುದನ್ನು ಕೈಯಾರೆ ನಡೆಸಿ ನೋಡಬೇಕು. ಆ ಪೆಟ್ಟಿನ ಮರುಸುತ್ತಿನಲ್ಲೇ ಕ್ಯಾಪಾಬ್ಲಾಂಕಾ ಟಾರಾಷ್‌ಗೂ ಸೋತರು. ಈ ಆಟ ತೋರಿಸಿದಾಗ ಮಾವ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಅವತ್ತು ಹುಷಾರಿರಲಿಲ್ಲ ಅನ್ಸುತ್ತೆ" ಅಂದರು. ಭಕ್ತಿ ಅಂದರೆ ಅದು.

ಈಗ ನಾನು ಇದನ್ನು ಬಳಸುವುದು "ಯಾರು ದೊಡ್ಡವರು" ಅಂತ ನೋಡೋಕೆ ಅಲ್ಲ. ಟೂರ್ನಿಗಳನ್ನು ಅಳೆಯೋಕೆ. ನನ್ನ ಹತ್ತಿರ ಒಂದು 200 ಪುಟದ ನೋಟ್‌ಬುಕ್ ಇದೆ. ಯಾವುದೇ ಹಳೇ ಟೂರ್ನಿ ಓದಿದರೂ ಆ ತಿಂಗಳ ಪಟ್ಟಿ ತೆಗೆದು ಮೊದಲ ಹತ್ತು ಹೆಸರು ಬರೆಯುತ್ತೇನೆ. ಬಂದವರ ಮುಂದೆ ಟಿಕ್, ಬರದವರ ಮುಂದೆ ಸೊನ್ನೆ. ಎಷ್ಟೋ ಸಲ ಆ ಸೊನ್ನೆಗಳೇ ಕಥೆ ಹೇಳುತ್ತವೆ. 1914ರ ಪುಟದಲ್ಲಿ ಶ್ಲೆಖ್ಟರ್ ಬಂದಿಲ್ಲ, ಮಾರೋತ್ಸಿಯೂ ಬಂದಿಲ್ಲ.

ಫಿಡೆಯ ಕ್ಯಾಟಗರಿ ಇದೆಯಲ್ಲ ಅಂತ ಕೇಳಬಹುದು. ಆಡುವವರ ಸರಾಸರಿ ರೇಟಿಂಗ್ ತೆಗೆದು 25 ಅಂಕಕ್ಕೊಂದು ಮೆಟ್ಟಿಲು ಮಾಡಿದ್ದು ಅದು. 1994ರ ಲಿನಾರೆಸ್ ಟೂರ್ನಿ 18ನೇ ಕ್ಯಾಟಗರಿ. 1996ರ ಲಾಸ್ ಪಾಲ್ಮಾಸ್ 21. 2014ರಲ್ಲಿ ಜ್ಯೂರಿಕ್ ಮತ್ತು ಸಿಂಕ್‌ಫೀಲ್ಡ್ ಕಪ್ ಎರಡೂ 23. ಹಾಗಂತ ಲಿನಾರೆಸ್ ಸಣ್ಣದಾ? ಅಲ್ಲಿ ಆಡಿದ್ದು 14 ಜನ. ಕಾರ್ಪೋವ್ 13ಕ್ಕೆ 11 ತೆಗೆದು ಕಾಸ್ಪರೋವ್, ಶಿರೋವ್ ಇಬ್ಬರಿಗಿಂತ ಎರಡೂವರೆ ಅಂಕ ಮುಂದೆ ಹೋದರು. ಉಳಿದ ಮೂರರಲ್ಲೂ ಆಡಿದ್ದು ಆರಾರೇ ಜನ. ಕರೆಯುವವರನ್ನು ಕಡಿಮೆ ಮಾಡಿದರೆ ಸರಾಸರಿ ಏರುತ್ತದೆ. ಜೊತೆಗೆ ಕಾಲ ಹೋದ ಹಾಗೆ ರೇಟಿಂಗೇ ಉಬ್ಬಿದೆ. ಆದರೂ ಸಿಂಕ್‌ಫೀಲ್ಡ್‌ನಲ್ಲಿ ಕರುವಾನಾ ಸಾಲಾಗಿ ಏಳು ಆಟ ಗೆದ್ದದ್ದನ್ನು ಯಾವ ಲೆಕ್ಕವೂ ಸಣ್ಣದು ಮಾಡಲಾರದು.

ನನ್ನ ನೋಟ್‌ಬುಕ್‌ನಲ್ಲಿ ಟಿಕ್‌ಗಳಿಂದ ತುಂಬಿದ ಪುಟ 1938ರ ಆವ್ರೋ. ಹಾಲೆಂಡಿನ ಒಂದು ರೇಡಿಯೋ ಸಂಸ್ಥೆ ನಡೆಸಿದ್ದು. ಅಲೆಖಿನ್, ಕ್ಯಾಪಾಬ್ಲಾಂಕಾ, ಯೂವೆ, ಬೋಟ್ವಿನ್ನಿಕ್, ಕೆರೆಸ್, ಫೈನ್, ರೆಷೆವ್‌ಸ್ಕಿ, ಫ್ಲೋರ್. ಎಂಟೇ ಜನ, ಬೆರಳು ತೋರಿಸಿ ಇವರು ಬೇಡ ಅನ್ನುವ ಒಬ್ಬರೂ ಇಲ್ಲ. ಕೆರೆಸ್ ಮತ್ತು ಫೈನ್ 14ಕ್ಕೆ 8.5. ಕೊನೆಯಲ್ಲಿ ಫ್ಲೋರ್ 4.5. ಆದರೆ ಸಂಖ್ಯೆಗೆ ಕಾಣದ್ದು ಇಲ್ಲೇ ಜಾಸ್ತಿ. ಟೂರ್ನಿ ಒಂದೂರಲ್ಲಿ ನಡೆಯಲಿಲ್ಲ. ಆಮ್‌ಸ್ಟರ್‌ಡ್ಯಾಂ, ಹೇಗ್, ಗ್ರೋನಿಂಗನ್, ಬ್ರೆಡಾ ಅಂತ ಊರೂರು ಅಲೆಸಿದರು. ಕ್ಯಾಪಾಬ್ಲಾಂಕಾಗೆ ನವೆಂಬರ್ 19ಕ್ಕೆ ಐವತ್ತು ತುಂಬಿತು. ಅವತ್ತೇ ಬದ್ಧವೈರಿ ಅಲೆಖಿನ್ ಕೈಲಿ ಸೋಲು. ಫ್ಲೋರ್ ನೆಲೆಸಿದ್ದ ಚೆಕೊಸ್ಲೊವಾಕಿಯಾವನ್ನು ಆ ವರ್ಷವೇ ಹರಿದು ಹಂಚಿದ್ದರು. ಅವರ 4.5ನ್ನು ಹಾಗೇ ಓದೋಕೆ ನನಗೆ ಮನಸ್ಸಾಗುವುದಿಲ್ಲ.

ಒಂದೇ ಮನುಷ್ಯನಿಗೆ ಎರಡು ಲೆಕ್ಕ ಎಷ್ಟು ಬೇರೆ ಬೇರೆ ಬೆಲೆ ಕಟ್ಟುತ್ತವೆ ಅನ್ನೋಕೆ ಸುಲ್ತಾನ್ ಖಾನ್‌ರನ್ನು ನೋಡಿ. ಪಂಜಾಬಿನವರು, 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್. 1932, 1933ರಲ್ಲಿ ಮತ್ತೆ. ನಡುವೆ ಹೇಸ್ಟಿಂಗ್ಸ್‌ನಲ್ಲಿ ಕ್ಯಾಪಾಬ್ಲಾಂಕಾರನ್ನೇ ಕೆಡವಿದರು. ರೇಟಿಂಗ್ ಪದ್ಧತಿಯ ಜನಕ ಅರ್ಪಾಡ್ ಎಲೊ ಹಿಂದಕ್ಕೆ ಲೆಕ್ಕ ಹಾಕಿ ಅವರಿಗೆ ಕೊಟ್ಟದ್ದು 2530. ಚೆಸ್‌ಮೆಟ್ರಿಕ್ಸ್‌ನಲ್ಲಿ 2700ರ ಹತ್ತಿರ, ಜಗತ್ತಿನ ಮೊದಲ ಹತ್ತರೊಳಗೆ. ಎರಡರ ಅಳತೆಗೋಲೇ ಬೇರೆ, ಹಾಗಾಗಿ ಸಂಖ್ಯೆಗೆ ಸಂಖ್ಯೆ ತಾಳೆ ನೋಡಬಾರದು. ಸ್ಥಾನ ನೋಡಬೇಕು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ.

ಬೇರೆಯವು ಏನಿವೆ? ಹತ್ತೊಂಬತ್ತನೇ ಶತಮಾನದವರಿಗೆ ನಾನು ಎಡೋ ರೇಟಿಂಗ್ ನೋಡುತ್ತೇನೆ. ಕೆನಡಾದ ಗಣಿತದ ಮೇಷ್ಟ್ರು ರಾಡ್ ಎಡ್ವರ್ಡ್ಸ್ ಅವರದು. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಬರೆದಿರುತ್ತಾರೆ. ಮಾರ್ಫಿಯಂಥ, ನಾಲ್ಕು ದಿನ ಆಡಿ ಎದ್ದುಹೋದವರಿಗೆ ಅದೇ ಸರಿ. ಒಮ್ಮೆ ದುಡ್ಡು ಕೊಟ್ಟು ಒಂದು ಆಟಗಳ ಸಿಡಿಯನ್ನೂ ಕೊಂಡಿದ್ದೆ. ಯಾರದು ಅಂತ ಹೇಳಲ್ಲ. ಅದರಲ್ಲಿ ಒಬ್ಬನೇ ಆಟಗಾರ ಎರಡು ಸ್ಪೆಲ್ಲಿಂಗ್‌ನಲ್ಲಿ ಎರಡು ಜನ ಆಗಿದ್ದ. ಈಗ ಅದು ಮಗಳ ಕ್ರಾಫ್ಟ್ ಡಬ್ಬದಲ್ಲಿದೆ.

ಕಡಿತ ಮಾಡಿದ ಆ ಒಂದು ಅಂಕ 2005ಕ್ಕೆ. ಪಟ್ಟಿ ಅಲ್ಲಿಗೆ ನಿಂತಿದೆ. ಕಾಸ್ಪರೋವ್ ಇನ್ನೂ ನಿವೃತ್ತಿ ಆಗಿಲ್ಲ, ಕಾರ್ಲ್‌ಸನ್ ಇನ್ನೂ ಹುಡುಗ. ಅಲ್ಲಿಂದ ಮುಂದಕ್ಕೆ ಫಿಡೆ ಪಟ್ಟಿಯೇ ಗತಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಮಾವ ಕೇಳಿದರು, "ನಿನ್ನ ಆ ಲೆಕ್ಕದಲ್ಲಿ ಗುಕೇಶ್ ಎಷ್ಟನೆಯವನು ನೋಡೋ."

"ಲೆಕ್ಕ ನಿಂತಾಗ ಅವನು ಹುಟ್ಟೇ ಇರಲಿಲ್ಲ ಮಾವ, ಅವನು 2006ರವನು" ಅಂದೆ.

"ಹಾಗಾದರೆ ಕ್ಯಾಪಾಬ್ಲಾಂಕಾದೇ ತೆಗಿ" ಅಂದು ಬೋರ್ಡ್ ಎಳೆದುಕೊಂಡರು.