ವೇಗದ ಕ್ರೂಸರೋ, ನಿಧಾನದ್ದೋ?

ಕ್ರೂಸರ್, ಅಂದರೆ ಮಲಗಲು ಕೋಣೆಯಿರುವ ಮೋಟಾರ್ ಬೋಟು, ಕೊಳ್ಳುವವರಿಗೆ ಒಂದು ಲೆಕ್ಕ. ಇಂಗ್ಲೆಂಡಿನ ನೀಡಲ್ಸ್ ಬಂಡೆಗಳಿಂದ ಕಡಲ್ಗಾಲುವೆ ದಾಟಿ ಫ್ರಾನ್ಸಿನ ಶೆರ್ಬೂರ್ ತಲುಪಲು ಸುಮಾರು 60 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ 1.85 ಕಿ.ಮೀ.). ತಲಾ 300 ಅಶ್ವಶಕ್ತಿಯ ಎರಡು ಡೀಸೆಲ್ ಎಂಜಿನ್‌ಗಳ, ನೀರಿನ ಮೇಲೆದ್ದು ಓಡುವ 35 ಅಡಿಯ ಪ್ಲೇನಿಂಗ್ ಬೋಟು 22 ನಾಟ್‌ನಲ್ಲಿ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಗಂಟೆಗೆ 80 ಲೀಟರ್ ಆಸುಪಾಸು ಕುಡಿಯುತ್ತದೆ. ಮೂರು ಗಂಟೆಯೊಳಗೆ ದಡ, ಆದರೆ 220 ಲೀಟರ್ ಖಾಲಿ. ಅಷ್ಟೇ ಉದ್ದದ, ಒಂದೇ ಎಂಜಿನ್ನಿನ, ಮೇಲೇಳದೆ ನೀರನ್ನು ಸರಿಸುತ್ತಲೇ ಸಾಗುವ ಡಿಸ್‌ಪ್ಲೇಸ್‌ಮೆಂಟ್ ಬೋಟು 7 ನಾಟ್‌ನಲ್ಲಿ ಗಂಟೆಗೆ 6 ಲೀಟರ್ ಸುಟ್ಟು, ಎಂಟೂವರೆ ಗಂಟೆ ತೆಗೆದುಕೊಂಡು 51 ಲೀಟರಿನಲ್ಲಿ ಮುಗಿಸುತ್ತದೆ.

ನಿಧಾನದ ಬೋಟಿಗೆ ಎಷ್ಟೇ ಥ್ರಾಟಲ್ ಕೊಟ್ಟರೂ ಅದರ ಮಿತಿ ದಾಟದು: ನೀರಿನ ಮಟ್ಟದಲ್ಲಿ 30 ಅಡಿ ಉದ್ದವಿದ್ದರೆ 7.3 ನಾಟ್, ಅಷ್ಟೇ. ವೇಗದ ಬೋಟಿನವರು ಎಡವುವುದು 10–14 ನಾಟ್‌ನಲ್ಲಿ. ಮೂತಿ ಮೇಲೆದ್ದು, ಹಿಂಭಾಗ ಕುಸಿದು, ತನ್ನದೇ ಅಲೆಯನ್ನು ಹತ್ತುತ್ತಿರುತ್ತದೆ. ಮೈಲಿಗೆ ಡೀಸೆಲ್ ಖರ್ಚು ಕೆಟ್ಟದಾಗಿರುವುದು ಈ ವೇಗದಲ್ಲೇ. ಒಂದೋ 7ಕ್ಕೆ ಇಳಿಯಿರಿ, ಇಲ್ಲವೇ 18 ದಾಟಿ. ತಳಕ್ಕೆ ಪಾಚಿ, ಬಾರ್ನಕಲ್ ಎಂಬ ಚಿಪ್ಪುಜೀವಿ ಹಿಡಿದರೆ ಪ್ಲೇನಿಂಗ್ ಬೋಟು ಏಳಲೇ ಒದ್ದಾಡುತ್ತದೆ.

ಸ್ಟರ್ನ್‌ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲರ್ ಘಟಕ ಹಿಂಬದಿಯ ಹೊರಗೆ) ಇದ್ದರೆ, ಆ ಎರಡನ್ನೂ ಜೋಡಿಸುವ ಕಡೆ ನೀರು ತಡೆಯುವ ಮಡಿಕೆಯ ರಬ್ಬರ್ ತೋಳು, ಅಂದರೆ ಬೆಲ್ಲೋಸ್, ಬಿರುಕು ಬಿಟ್ಟಿದೆಯೇ ಎಂದು ನೋಡದೆ ಕೊಳ್ಳಬೇಡಿ: ಅದು ಹರಿದರೆ ನೀರು ಒಳಗೇ. ಎಂಜಿನ್‌ನಿಂದ ತಳದ ಮೂಲಕ ನೇರ ಪ್ರೊಪೆಲರ್‌ಗೆ ಹೋಗುವ ಶಾಫ್ಟ್‌ಗೆ ಆ ತಲೆನೋವಿಲ್ಲ. ನಿಧಾನದ್ದು ಪಕ್ಕದ ಅಲೆಗೆ ಹೊಯ್ದಾಡುತ್ತದೆ, ಮನೆಯವರಿಗೆ ಹೊಟ್ಟೆ ತೊಳಸಿದರೆ ಉಳಿಸಿದ ಡೀಸೆಲ್ ನೆನಪಾಗದು.

ಎರಡರಲ್ಲೂ ಟ್ಯಾಂಕಿನ ಮೂರನೇ ಒಂದು ಭಾಗ ಮುಟ್ಟದೆ ಉಳಿಸಿ. ತಳದ ಕೆಸರು ಅಲೆಯಲ್ಲಿ ಕದಡಿ ಫಿಲ್ಟರ್ ಕಟ್ಟುವುದು ಕಡಲು ಒರಟಾದಾಗಲೇ. ಬಿಡಿ ಫಿಲ್ಟರ್ ಎರಡಾದರೂ ಇರಲಿ.