ಬಿಲ್ಟ್‌ಮೋರ್ ಕ್ರಿಸ್‌ಮಸ್: ಹಗಲಿನ ಟಿಕೆಟ್ಟೋ, ಸಂಜೆಯದೋ?

ಅಮೆರಿಕದ ನಾರ್ತ್ ಕ್ಯಾರೊಲಿನಾದ ಆಶ್‌ವಿಲ್‌ನಲ್ಲಿರುವ ಬಿಲ್ಟ್‌ಮೋರ್ ಹೌಸ್‌ಗೆ ಸಿರಿವಂತ ರೈಲ್ವೆ ಉದ್ಯಮಿ ಮನೆತನದ ಜಾರ್ಜ್ ವ್ಯಾಂಡರ್‌ಬಿಲ್ಟ್ ಬಂಧುಮಿತ್ರರನ್ನು ಮೊದಲ ಸಲ ಬರಮಾಡಿಕೊಂಡಿದ್ದು 1895ರ ಕ್ರಿಸ್‌ಮಸ್ ಮುನ್ನಾದಿನ. ಹಾಗಾಗಿ ಈ 250 ಕೋಣೆಗಳ ಮನೆಗೆ ಕ್ರಿಸ್‌ಮಸ್ ಅಂದರೆ ಗೃಹಪ್ರವೇಶದ ನೆನಪೂ ಹೌದು. ನವೆಂಬರ್ ಆರಂಭದಿಂದ ಜನವರಿ ಮೊದಲ ವಾರದವರೆಗೆ ಅಲಂಕಾರ ಇರುತ್ತದೆ. ಷಾರ್ಲೆಟ್‌ನಿಂದ ಕಾರಿನಲ್ಲಿ ಎರಡು ಗಂಟೆ, ಅಟ್ಲಾಂಟಾದಿಂದ ಸುಮಾರು ಮೂರೂವರೆ.

ಎಲ್ಲರೂ ಮುಗಿಬೀಳುವುದು ಬ್ಯಾಂಕ್ವೆಟ್ ಹಾಲ್‌ಗೆ. 70 ಅಡಿ ಎತ್ತರದ ಚಾವಣಿಯ ಕೆಳಗೆ 35 ಅಡಿಯ ನಿಜವಾದ ಫ್ರೇಜರ್ ಫರ್ ಮರ. ಈ ಮರ ಇದೇ ಅಪಲಾಚಿಯನ್ ಬೆಟ್ಟಗಳದ್ದು. ಕಡಿದ ಮೇಲೂ ಸೂಜಿಎಲೆ ಬೇಗ ಉದುರುವುದಿಲ್ಲ, ರೆಂಬೆ ಗಟ್ಟಿ, ಭಾರ ತಡೆಯುತ್ತದೆ. ಕೊಂಬೆಗಳ ನಡುವೆ ಸಿಕ್ಕಿಸಿರುವ ಪೊಟ್ಟಣಗಳನ್ನು ಗಮನಿಸಿ. ಕೆಲಸಗಾರರ ಮಕ್ಕಳಿಗೆ ವ್ಯಾಂಡರ್‌ಬಿಲ್ಟ್ ಮನೆತನ ಕೊಡುತ್ತಿದ್ದ ಉಡುಗೊರೆಗಳ ನೆನಪಿಗೆ ಅವು. ಜನ ನೇರ ಮರದ ಬುಡಕ್ಕೆ ಹೋಗಿ ನಿಂತುಬಿಡುತ್ತಾರೆ, ಅಲ್ಲಿಂದ ತುದಿಯೇ ಕಾಣದು. ಬಾಗಿಲ ಹತ್ತಿರವೇ ಒಂದು ನಿಮಿಷ ನಿಂತು, ಮೇಲಿಂದ ಕೆಳಕ್ಕೆ ನೋಡಿಕೊಂಡು ಮುಂದೆ ಹೋಗಿ.

ಸಂಜೆಯ 'ಕ್ಯಾಂಡಲ್‌ಲೈಟ್' ಟಿಕೆಟ್‌ನಲ್ಲಿ ಒಲೆಗಳ ಬೆಂಕಿ, ಮೇಣದಬತ್ತಿ, ಗಾಯಕರ ತಂಡ ಎಲ್ಲ ಸಿಗುತ್ತವೆ. ಅಲಂಕಾರಕ್ಕೆ ಇದೇ ಸರಿಯಾದ ಹೊತ್ತು. ಗಾಜಿನ ಮಾಡಿನ ವಿಂಟರ್ ಗಾರ್ಡನ್ ರಾತ್ರಿ ಬೇರೆಯೇ ಮನೆ ಅನ್ನಿಸುತ್ತದೆ: ಮೇಲೆ ಗಾಜು ಕಪ್ಪಗೆ, ಕೆಳಗೆ ಹಸಿರಿನ ತುಂಬ ದೀಪ. ಆದರೆ ಮನೆಯನ್ನೇ ನೋಡಬೇಕೆಂದರೆ ಸಂಜೆ ಸಾಲದು. ಗ್ರಂಥಾಲಯದ ಚಾವಣಿಯಲ್ಲಿ ಇಟಲಿಯ ಚಿತ್ರಕಾರ ಪೆಲ್ಲೆಗ್ರಿನಿಯ ದೊಡ್ಡ ವರ್ಣಚಿತ್ರವಿದೆ, ಬ್ಯಾಂಕ್ವೆಟ್ ಹಾಲ್‌ನ ಗೋಡೆಗಳಲ್ಲಿ ಹದಿನಾರನೇ ಶತಮಾನದ ನೇಯ್ಗೆ ಚಿತ್ರಗಳಿವೆ. ಮಂದ ಬೆಳಕಲ್ಲಿ ಇವುಗಳ ಬಣ್ಣ ತಿಳಿಯುವುದಿಲ್ಲ. ಫ್ಲ್ಯಾಶ್ ಹಾಕುವಂತಿಲ್ಲ, ಆದ್ದರಿಂದ ಮೊಬೈಲ್ ಫೋಟೊ ಅಲುಗಿದಂತೆ ಬರುತ್ತದೆ. ಮೊದಲ ಸಲ ಬರುವವರಿಗೆ ನಮ್ಮ ಶಿಫಾರಸು ಹಗಲು. ಒಮ್ಮೆ ನೋಡಿದವರು ಸಂಜೆಗೆ ದುಡ್ಡು ಹಾಕಲಿ.

ದುಡ್ಡು ಅಂದರೆ ಸಣ್ಣದಲ್ಲ. ದಿನಕ್ಕೊಂದು ದರ, ವಾರಾಂತ್ಯಕ್ಕೆ ಹೆಚ್ಚು. ಡಿಸೆಂಬರ್‌ನ ಶನಿವಾರದ ಸಂಜೆಯ ಟಿಕೆಟ್ಟುಗಳು ಬೇಗ ಖಾಲಿಯಾಗುತ್ತವೆ; ಮಂಗಳವಾರ, ಬುಧವಾರ ಹುಡುಕಿ. ಟಿಕೆಟ್‌ನಲ್ಲಿ ನಮೂದಿಸಿದ ಸಮಯ ಮನೆಯೊಳಗೆ ಕಾಲಿಡುವ ಸಮಯ, ಗೇಟಿನದ್ದಲ್ಲ. ಬಹಳ ಜನ ತಪ್ಪುವುದು ಇಲ್ಲೇ. ಗೇಟಿನಿಂದ ಮನೆಗೆ ಉದ್ಯಾನ ವಿನ್ಯಾಸಕ ಓಲ್ಮ್‌ಸ್ಟೆಡ್ ರೂಪಿಸಿದ ಸುಮಾರು ಮೂರು ಮೈಲಿ ತಿರುವಿನ ರಸ್ತೆ, ಆಮೇಲೆ ಪಾರ್ಕಿಂಗ್, ಅಲ್ಲಿಂದ ಶಟಲ್ ಬಸ್. ಒಂದು ಗಂಟೆ ಮೊದಲೇ ಗೇಟಿನಲ್ಲಿರಿ.

ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕರೆತರುವುದಾದರೆ ದಪ್ಪ ಕೋಟು ಬೇಕೇ ಬೇಕು. ಬೆಟ್ಟದ ಊರು, ಡಿಸೆಂಬರ್ ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸು, ಕ್ಯೂ ಹೊರಗೆ. ಮೆಟ್ಟಿಲುಗಳು ಬಹಳ. ಲಿಫ್ಟ್ ಇದ್ದರೂ ಮನೆಯ ಎಲ್ಲ ಭಾಗಕ್ಕೂ ಹೋಗುವುದಿಲ್ಲ. ಒಳಗೆ ಹೋಗುವಾಗಲೇ ಸಿಬ್ಬಂದಿಯನ್ನು ವಿಚಾರಿಸಿಕೊಳ್ಳಿ.

ಮೇಲಿನ ಮಲಗುವ ಕೋಣೆಗಳಲ್ಲಿ ಅಲಂಕಾರ ಒಂದರಂತೆ ಇನ್ನೊಂದು, ಅಲ್ಲಿ ಬೇಗ ನಡೆಯಬಹುದು. ಉಳಿಸಿದ ಹೊತ್ತನ್ನು ನೆಲಮಾಳಿಗೆಗೆ ಕೊಡಿ. ಸುಸ್ತಾದವರು ಅದನ್ನು ಬಿಟ್ಟು ಹೊರಡುತ್ತಾರೆ, ಅದು ನಷ್ಟ. ಕಜ್ಜಾಯ-ಕೇಕಿಗೇ ಒಂದು ಅಡುಗೆಮನೆ, ಮಾಂಸ ಸುಡಲು ಇನ್ನೊಂದು, ಬಟ್ಟೆ ಒಗೆಯಲು ಬೇರೆ ಕೋಣೆಗಳು, 70,000 ಗ್ಯಾಲನ್‌ನ ಖಾಲಿ ಈಜುಕೊಳ. ಮೇಲಿನ ಹಬ್ಬ ನಡೆಯುತ್ತಿದ್ದದ್ದು ಈ ಕೋಣೆಗಳ ದುಡಿಮೆಯಿಂದ.